ಗಡಿಕಂಬದ ಹತ್ತಿರ, ನಾಲ್ಕೂಕಾಲಿಗೆ

ಫೆಬ್ರವರಿ 6, ಸಂಜೆ

ಮೈನಸ್ ಹನ್ನೊಂದು. ಗಾಳಿ ಇಲ್ಲ. ಸ್ಕೀ ಇಳಿಜಾರಿನ ಗಸ್ತಿನಲ್ಲಿ ಬೆಳಗ್ಗೆ ಮುರಿದ ಮೊಣಕಾಲು ಒಂದು, ಮಧ್ಯಾಹ್ನ ಮುರಿದ ಭುಜ ಒಂದು. ಎರಡನ್ನೂ ಸ್ಲೆಡ್ಜಿನಲ್ಲಿ ಕೆಳಗಿಳಿಸಿದೆ. ನಾಲ್ಕೂಕಾಲಿಗೆ ಗಡಿಕಂಬ. ಆ ಕಡೆಯ ಗಸ್ತಿನ ಗಾಸ್ಪಾರ್ ಫ್ರಾನ್ಸ್ ಕಡೆಯಿಂದ ಹತ್ತಿ ಬಂದ, ನಾನು ಇಟಲಿ ಕಡೆಯಿಂದ. ಯಾರಾದರೂ ಉಳಿದಿದ್ದಾರಾ ಅಂತ ಮೂರು ಸಲ ಕೂಗಿದೆವು, ಕೈ ಕುಲುಕಿದೆವು. “ನನ್ನ ಇಳಿಜಾರು ಖಾಲಿ.” “ನನ್ನದೂ ಖಾಲಿ.” ಅಷ್ಟಾದ ಮೇಲೇ ಆ ದಿನದ ಸ್ಕೀ ಮುಗಿದಂತೆ. ಇಪ್ಪತ್ತೆರಡು ಚಳಿಗಾಲದಿಂದ ಇದೇ ಪಾಠ. ರೇಡಿಯೊದಲ್ಲಿ ಹೇಳಿದರೂ ಆಫೀಸಿನವರು ಬರೆದುಕೊಳ್ಳುತ್ತಾರೆ. ಆದರೆ ಕಂಬದ ಕೆಳಗೊಂದು ತಗ್ಗಿದೆ, ಮೇಲೆ ಹತ್ತಿ ನಿಂತರೆ ಮಾತ್ರ ಕಾಣುವುದು. ಅಲ್ಲಿ ಫೋನೂ ಸಿಗುವುದಿಲ್ಲ.

ಗಾಸ್ಪಾರ್ ಥರ್ಮಾಸಿನ ಮುಚ್ಚಳದಲ್ಲಿ ಕಾಫಿ ಕೊಟ್ಟ.

“ನಿಮ್ಮ ಕಡೆ ಕಾಫಿಗಿಂತ ವಾಸಿ ಅಲ್ವೇನೋ?”

“ಇದು ಕಾಫಿನಾ? ಬೂಟು ತೊಳೆದ ನೀರು ಅಂದ್ಕೊಂಡೆ.”

ಫೆಬ್ರವರಿ 9

ಆಫೀಸಿನಿಂದ ನನ್ನ ಹೆಸರಿಗೆ ಕಾಗದ. “ಇವೋ ಬೆರ್ತೋ ಅವರು ಗಡಿಕಂಬಕ್ಕೆ ಪದೇಪದೇ ತಡವಾಗಿ ಹೋಗುತ್ತಿರುವುದು ಗಮನಕ್ಕೆ ಬಂದಿದೆ.” ಯಾರ ಗಮನಕ್ಕೆ? ಕಂಬದ ಹತ್ತಿರ ಇರುವುದು ನಾವಿಬ್ಬರೇ!

ಹೋಗಿ ಗಾಸ್ಪಾರನನ್ನು ಕೇಳಿಯೇ ಬಿಟ್ಟೆ.

“ನಮ್ಮ ಆಫೀಸ್ನೋರು ಕೇಳಿದ್ರು, ಹೇಳ್ದೆ. ಸುಳ್ಳು ಹೇಳ್ಬೇಕಿತ್ತಾ?”

“ಬಾಯ್ಮುಚ್ಕೊಂಡು ಇರಬಹುದಿತ್ತು.”

“ಹತ್ತು ನಿಮಿಷ ಬೇಗ ಹೊರಡಬಹುದಿತ್ತು.”

ಕೈ ಕುಲುಕಲಿಲ್ಲ. ಕಾಫಿಯೂ ಇಲ್ಲ. ಇಪ್ಪತ್ತೆರಡು ವರ್ಷ ಇವನ ಜೊತೆ ನಿಂತು ನಡುಗಿದ್ದಕ್ಕೆ ಇದಾ ಮರ್ಯಾದೆ...

ಫೆಬ್ರವರಿ 10

ಹತ್ತಲಿಲ್ಲ. ನನ್ನ ಗುಡಿಸಲಿನಿಂದಲೇ ರೇಡಿಯೊದಲ್ಲಿ “ಖಾಲಿ” ಅಂದೆ. ಅವನೂ “ಖಾಲಿ” ಅಂದ. ಅವನ ದನಿಯ ಹಿಂದೆ ಅವರ ಕಡೆಯ ಲಿಫ್ಟಿನ ಮೋಟಾರು ಗಡಗಡ ಅನ್ನುತ್ತಿತ್ತು. ಅಂದರೆ ಅವನೂ ಕೆಳಗೇ ಇದ್ದಾನೆ. ದೊಡ್ಡ ಶಿಸ್ತಿನ ಮನುಷ್ಯ!

ಫೆಬ್ರವರಿ 11, ಬುಧವಾರ, ಸಂಜೆ 6

ಮಂಜು. ಹತ್ತು ಹೆಜ್ಜೆ ಆಚೆ ಏನೂ ಕಾಣದು. ಮೂರು ಗಂಟೆಗೆ ಒದಿಲ್ ಗುಡಿಸಲಿಗೆ ಬಂದಳು. ಗಾಸ್ಪಾರನ ಹೆಂಡತಿ. ನಮ್ಮ ಊರಿಗೆ ಕೊಟ್ಟ ತಂಗಿಯನ್ನು ನೋಡಲು ಬುಧವಾರ ಬುಧವಾರ ಸ್ಕೀ ಹಾಕಿಕೊಂಡೇ ಗಡಿ ದಾಟುತ್ತಾಳೆ. ಅರವತ್ತೊಂದು ವಯಸ್ಸು, ಇಳಿಯುವುದು ನೋಡಿದರೆ ಇಪ್ಪತ್ತು.

“ಇಬ್ಬರೂ ಕತ್ತೆಗಳು ಕಣೋ ನೀವು. ಮನೇಲಿ ಅವನ ಮುಖ ನೋಡಕ್ಕಾಗ್ತಿಲ್ಲ. ಇವತ್ತು ಹತ್ತು, ಕೈ ಕೊಡು, ಮುಗೀತು.”

“ಅವನು ಮೊದಲು ಬರಲಿ.”

“ಅವನೂ ಇದನ್ನೇ ಹೇಳ್ತಾನೆ!”

ಅಕ್ರೋಟ್ ಕೇಕಿನ ತುಂಡೊಂದು ಮೇಜಿನ ಮೇಲಿಟ್ಟಳು. ಮೂರೂಮುಕ್ಕಾಲಿಗೆ ಲಿಫ್ಟ್ ಹಿಡಿದು ಮೇಲೆ ಹೋದಳು. ಕೆಂಪು ಸ್ಕೀ ಮಂಜಿನಲ್ಲಿ ಮರೆಯಾಯಿತು.

ನಾಲ್ಕೂಕಾಲು. ಒಂದು ಗಳಿಗೆ ಬೂಟಿನ ಪಟ್ಟಿ ಬಿಗಿದೆ. ಹೋಗೋಣ ಅನ್ನಿಸಿತ್ತು. ಆಮೇಲೆ ಆ ಕಾಗದ ನೆನಪಾಯಿತು. ರೇಡಿಯೊ ತೆಗೆದು “ಖಾಲಿ” ಅಂದೆ. ಅವನೂ “ಖಾಲಿ”. ಕೇಕ್ ತಿಂದೆ. ಚೆನ್ನಾಗಿತ್ತು.

ಫೆಬ್ರವರಿ 12, ಮಧ್ಯಾಹ್ನ

ಬೆಳಗ್ಗೆ ಆರೂವರೆಗೆ ಗಾಸ್ಪಾರನ ಫೋನ್.

“ಒದಿಲ್ ಬಂದಿಲ್ಲ ಕಣೋ. ಮಂಜಿದ್ರೆ ತಂಗಿ ಮನೇಲೇ ಉಳ್ಕೋತೀನಿ ಅಂದಿದ್ಲು. ಈಗ ಕೇಳಿದ್ರೆ ನಿನ್ನೆನೇ ಹೊರಟ್ಲು ಅಂತಾಳೆ ತಂಗಿ. ನೀನು ನೋಡಿದ್ಯೇನೋ?”

ಲಿಫ್ಟ್ ಶುರು ಮಾಡಿಸಿ ಒಬ್ಬನೇ ಹತ್ತಿದೆ.

ತಗ್ಗಿನಲ್ಲಿದ್ದಳು. ಕಾಲು ಮುರಿದಿತ್ತು. ಕಂಬದಿಂದ ಮೂವತ್ತು ಹೆಜ್ಜೆಯೂ ಇಲ್ಲ. ಎರಡೂ ಸ್ಕೀ ಬಿಚ್ಚಿ, ತನಗಿಂತ ಸ್ವಲ್ಪ ಮೇಲಿನ ಹಿಮದಲ್ಲಿ ಕತ್ತರಿಯ ಹಾಗೆ ಅಡ್ಡಡ್ಡ ನೆಟ್ಟಿದ್ದಳು. ಇಲ್ಲಿ ಮಕ್ಕಳಿಗೂ ಗೊತ್ತು: ಬಿದ್ದರೆ ಹಾಗೆ ನೆಟ್ಟು ಕಾಯಬೇಕು, ಗಸ್ತಿನವರು ಬರುತ್ತಾರೆ. ನೆಟ್ಟು ಕಾದಿದ್ದಾಳೆ. ಇವತ್ತು ಹತ್ತು ಅಂತ ನನಗೇ ಹೇಳಿ ಹೋಗಿದ್ದಳು; ನಾಲ್ಕೂಕಾಲಿಗೆ ನಾವು ಬಂದೇ ಬರುತ್ತೇವೆ ಅಂತ ನಂಬಿದ್ದಳು.

ಮೈ ಕಲ್ಲಾಗಿತ್ತು. ಸ್ಕೀ ಕಿತ್ತು ಪಕ್ಕಕ್ಕೆ ಮಲಗಿಸಿದೆ. ಗಸ್ತಿನವನು ತಲುಪಿದ ಮೇಲೆ ಕೀಳುವುದು ರೂಢಿ. ಕೈ ತಾನಾಗಿ ಮಾಡಿತು. ಅದಾದ ಮೇಲೆ ಉಳಿದವರು ಬಂದರು.

ಕೈ ತಾನಾಗಿ ಮಾಡಿತು ಅಂತಲೇ ಬರೆಯುತ್ತಿದ್ದೇನೆ.

ಫೆಬ್ರವರಿ 14

ಎರಡೂ ದೇಶದ ಪೊಲೀಸರು ಟೇಪು ಹಿಡಿದು ಅಳೆದರು. ಅವಳು ಸಿಕ್ಕ ಜಾಗ ಗಡಿಯಿಂದ ಒಂಬತ್ತು ಮೀಟರ್ ಇಟಲಿಯೊಳಗೆ. ಹಾಗಾಗಿ ನಮ್ಮ ಪೊಲೀಸರ ಕೇಸು.

“ಮುಚ್ಚೋ ಹೊತ್ತಿಗೆ ಕಂಬದ ಹತ್ತಿರ ಇದ್ರಾ?” ಅಂದರು ಸಾಹೇಬರು.

ನಾನು ಬಾಯಿ ತೆರೆಯುವ ಮೊದಲೇ ಗಾಸ್ಪಾರ್ ಅಂದ: “ಇದ್ವಿ ಸಾರ್. ಇಬ್ರೂ. ದಿನಾ ಇರ್ತೀವಿ.”

ನನ್ನತ್ತ ನೋಡಲಿಲ್ಲ. ನಾನು ಹೌದೆಂದು ತಲೆಯಾಡಿಸಿದೆ.

“ಹಾಗಾದ್ರೆ ಮೇಲೆ ಎಲ್ಲೋ ಕಾಲ ಕಳೆದು, ಮುಚ್ಚಿದ ಮೇಲೆ ಇಳಿದಿದ್ದಾರೆ. ಅವರದೇ ತಪ್ಪು” ಅಂತ ಬರೆದುಕೊಂಡರು. ಮಲಗಿದ್ದ ಸ್ಕೀಯ ಫೋಟೊ ಅವರ ಹತ್ತಿರ ಇದೆ.

ಫೆಬ್ರವರಿ 25

ಇಷ್ಟು ದಿನ ಬರೆಯಲಾಗಲಿಲ್ಲ.

ಇಗರ್ಜಿಯ ಬಾಗಿಲಲ್ಲಿ ಗಾಸ್ಪಾರ್ ಸಿಕ್ಕಿದ. ಗಡ್ಡ ಬೆಳೆದಿದೆ. ನನ್ನ ತೋಳು ಹಿಡಿದುಕೊಂಡ.

“ನಾವು ಹತ್ತಿದ್ರೂ ಸಿಗ್ತಿರ್ಲಿಲ್ಲ ಅಲ್ವಾ? ಅಷ್ಟೊತ್ತಿಗೆ ಅಲ್ಲಿರ್ಲಿಲ್ಲ ಅವಳು. ನನ್ನ ಮೇಲಿನ ಸಿಟ್ಟಿಗೆ ಎಲ್ಲೋ ಕೂತಿದ್ದು ಕತ್ತಲಾದ್ಮೇಲೆ ಇಳಿದಿದ್ದಾಳೆ. ಹಠಮಾರಿ. ಕ್ಷಮಿಸಕ್ಕಾಗ್ತಿಲ್ಲ ಕಣೋ ಅವಳನ್ನ.”

ಅವಳನ್ನ! ಥೂ, ನನ್ನ ಜನ್ಮಕ್ಕೆ. “ಹೌದು ಮಾರಾಯ” ಅಂದು ಬಂದೆ.

ಅಡ್ಡ ನೆಟ್ಟ ಸ್ಕೀ ನೋಡಿದವನು ನಾನೊಬ್ಬನೇ. ಗಸ್ತು ಇನ್ನೂ ಬರಲಿದೆ ಅನ್ನುವವರಷ್ಟೇ ಹಾಗೆ ನೆಡುವುದು. ಅವಳು ಹೊತ್ತಿಗೆ ಸರಿಯಾಗಿ ಅಲ್ಲಿದ್ದಳು ಅಂತ ಹೇಳಬಲ್ಲವನೂ ನಾನೊಬ್ಬನೇ. ಹೇಳಿದರೆ ಇಬ್ಬರಿಗೂ ಜೈಲು, ಇರಲಿ. ನನಗೆ ಭಯ ಅದರದ್ದಲ್ಲ. ಮೂವತ್ತು ಹೆಜ್ಜೆ ದೂರದಲ್ಲಿ ಹೆಂಡತಿ ಕಾಯುತ್ತಿದ್ದಳು ಅಂತ ತಿಳಿದ ಮೇಲೆ ಅವನು ಬದುಕುತ್ತಾನಾ? ಹೇಳದಿದ್ದರೆ... ಸಾಯುವವರೆಗೂ ಅವಳನ್ನೇ ಬೈಯುತ್ತಿರುತ್ತಾನೆ.

ನಾಳಿದ್ದು ಹತ್ತಕ್ಕೆ ಹೇಳಿಕೆಗೆ ಸಹಿ.

ಫೆಬ್ರವರಿ 26, ನಾಲ್ಕು ಗಂಟೆ

ಕಂಬದ ಬುಡದಲ್ಲಿ ಕೂತು ಬರೆಯುತ್ತಿದ್ದೇನೆ. ಬೆರಳು ಮರಗಟ್ಟಿದೆ. ಬಿಸಿಲಿದೆ, ದೂರದವರೆಗೂ ಕಾಣುತ್ತಿದೆ. ರೇಡಿಯೊದಲ್ಲಿ “ಮೇಲೆ ಬಾ” ಅಂದೆ. “ಬರ್ತೀನಿ, ಕಾಫಿ ತರ್ತೀನಿ” ಅಂದ.

ನನ್ನ ಸ್ಕೀ ಬಿಚ್ಚಿ ತಗ್ಗಿಗೆ ಇಳಿದು, ಅವಳಿದ್ದ ಜಾಗದಲ್ಲೇ, ಅವಳು ನೆಟ್ಟ ಹಾಗೇ ಅಡ್ಡಡ್ಡ ನೆಟ್ಟು ಬಂದಿದ್ದೇನೆ. ಬಾಯಲ್ಲಿ ಹೇಳಲು ನನ್ನಿಂದಾಗದು. ಅವನು ನೋಡಲಿ, ನಾನು ಹೌದು ಅನ್ನುತ್ತೇನೆ. ನಾಳೆ ಸಾಹೇಬರಿಗೂ ಇದನ್ನೇ ಹೇಳುತ್ತೇನೆ.

ಬಂದ. ಹದಿನೇಳು ದಿನದ ಮೇಲೆ ಮೊದಲ ಸಲ ಕೈ ಚಾಚಿಕೊಂಡು ಬರುತ್ತಿದ್ದಾನೆ. ನಿಂತ. ತಗ್ಗಿನ ಕಡೆ ನೋಡಿದ. ಥರ್ಮಾಸ್ ಬಿಸಾಡಿ ಓಡುತ್ತಿದ್ದಾನೆ.

“ಇವೋ, ಯಾರೋ ಬಿದ್ದಿದಾರೆ ಅಲ್ಲಿ! ಬೇಗ ಬಾರೋ! ಯಾರೋ ಅದು?”

ಎದ್ದು ಹೋಗಿ ಬಾಯಲ್ಲೇ ಹೇಳಬೇಕು, ಅವಳು ಹೀಗೇ ನೆಟ್ಟು ನಮಗಾಗಿ ಕಾದಿದ್ದಳು ಅಂತ.