ನಿಧಾನ ನಡೆಯುವವರು ಮುಂದೆ

ಉತ್ತರ ಕ್ಯಾರೊಲಿನಾ,
ಅಕ್ಟೋಬರ್ ೧೪, ಭಾನುವಾರ

ಪ್ರಿಯ ಮಗಳೇ ಮಿರಿಯಮ್,

ದೇವರ ಶಾಂತಿಯು ನಿನ್ನ ಹೊಸ್ತಿಲನ್ನು ಕಾಯಲಿ.

ಬರುವ ಮೇ ತಿಂಗಳ ನಿನ್ನ ಮದುವೆಯಲ್ಲಿ, ಕೈಹಿಡಿದು ನಡೆಸಲು ತಂದೆಯಿಲ್ಲದ ಕಾರಣ ವೇದಿಕೆಯವರೆಗೆ ಒಬ್ಬಳೇ ನಡೆದುಹೋಗುವೆನೆಂದೂ, ನಾನು ಜೊತೆಗೆ ಬರುವುದು ಬೇಡವೆಂದೂ ನೀನು ಬರೆದು ಐದು ವಾರಗಳಾದವು. ಕಾರ್ಯಬಾಹುಳ್ಯದಿಂದ ಉತ್ತರಿಸಲಾಗಲಿಲ್ಲವೆಂದು ಬರೆಯಹೊರಟಿದ್ದೆ. ಅದು ನಿಜವಲ್ಲ. ನೊಂದಿದ್ದೆ, ಕಾರಣವನ್ನು ಕೇಳಲು ಅಂಜಿದ್ದೆ.

ಇಲ್ಲಿನ ಕಾಲೇಜಿನಲ್ಲಿ ಒಂದು ಅವಧಿಗೆ ಹೀಬ್ರೂ ಕಲಿಸಲು ಬಂದಿರುವ ನನ್ನಂಥ ಬಯಲುಸೀಮೆಯ ಮುದುಕಿಯನ್ನು ನಿನ್ನೆ ವಿದ್ಯಾರ್ಥಿಗಳು ಬೆಟ್ಟಕ್ಕೆ ಕರೆದೊಯ್ದರು. ಇಲ್ಲಿಯವಳೇ ಆದ ಡ್ರೀಮಾ ಲೆಡ್‌ಫರ್ಡ್ ಎಂಬ ಹುಡುಗಿ ಕಾಲುದಾರಿಯ ಮೊದಲಲ್ಲೇ, "ಮೇಡಂ, ನೀವು ಮುಂದೆ ನಡೀರಿ, ನಾವೆಲ್ಲ ನಿಮ್ಮ ಹಿಂದೆ" ಎಂದಳು. ಪಾಂಡಿತ್ಯಕ್ಕೆ ಸಂದ ಮರ್ಯಾದೆಯೆಂದು ಬೀಗಿದೆನಮ್ಮಾ! ಕೋಲೂರಿ ಮುಂದೆ ಸಾಗುತ್ತ, ಹಿಂದಿನವರಿಗೆ ಕೇಳಲೆಂದು ಪ್ರವಾದಿಗಳ ಕುರಿತು ಗಟ್ಟಿಯಾಗಿ ಉಪನ್ಯಾಸವನ್ನೂ ಮಾಡಿದೆ.

ತೊರೆಯ ಬಳಿ ನೀರು ಕುಡಿಯಲು ನಿಂತಾಗ, ಹೊಸದಾಗಿ ಸೇರಿದ ಹುಡುಗನೊಬ್ಬ ಮೆಲ್ಲಗೆ ಕೇಳಿದ್ದು ನನ್ನ ಕಿವಿಗೆ ಬಿತ್ತು: "ಇದೇನೋ ಒಡೆಲ್, ಬಸವನಹುಳಾನೂ ನಮ್ಮನ್ನ ದಾಟ್ಕೊಂಡು ಹೋಯ್ತಲ್ಲೋ!"

ಇಲ್ಲಿಯವನೇ ಆದ ಒಡೆಲ್ ಗದರಿದ: "ಸುಮ್ನಿರೋ ಕತ್ತೆ. ನಿಧಾನ ನಡೆಯೋರೇ ಮುಂದೆ, ಅದು ಬೆಟ್ಟದ ರೂಢಿ. ಅವ್ರನ್ನ ಹಿಂದೆ ಬಿಟ್ರೆ ಏನಾಗುತ್ತೆ ಹೇಳು? ನಾವು ಕೂತು ದಣಿವಾರಿಸ್ಕೊಂಡಿರ್ತೀವಿ. ಅವ್ರು ಏದುಸಿರು ಬಿಡ್ತಾ ಬಂದು ಮುಟ್ಟೋ ಹೊತ್ತಿಗೆ ನಾವು ಎದ್ದು ಹೊರಟಿರ್ತೀವಿ. ಅವ್ರಿಗೆ ಕೂರೋಕೇ ಸಿಗಲ್ಲ."

ಮಗಳೇ, ಬಟ್ಟಲು ಕೈಯಲ್ಲೇ ಉಳಿಯಿತು. ಎಳೆಮರಿಗಳ ಹೆಜ್ಜೆಗೆ ತಕ್ಕಂತೆ ಮಂದೆಯನ್ನು ನಡೆಸಿದ, ಧರ್ಮಗ್ರಂಥದ ಪುರಾತನ ಕುರುಬನೊಬ್ಬನ ವೃತ್ತಾಂತವನ್ನು ನಲವತ್ತು ವರ್ಷ ಬೋಧಿಸಿದವಳು ನಾನು. ಆದರೆ ಎಡಗಾಲು ಗಿಡ್ಡವಾಗಿದ್ದ ನನ್ನ ಸ್ವಂತ ಮಗಳು ನೀನು ಪ್ರತಿ ದಾರಿಯಲ್ಲೂ ಹಿಂದುಳಿದು, ಬಂದು ಮುಟ್ಟುವಷ್ಟರಲ್ಲಿ ನಾನು "ಸರಿ, ಏಳಿ, ಹೊರಡೋಣ" ಎನ್ನುತ್ತಿದ್ದೆ.

ನಿನಗೆ ಒಂಬತ್ತಾಗಿದ್ದಾಗ ಚರ್ಚಿನ ಸಭೆಯವರೊಡನೆ ಗುಡ್ಡಕ್ಕೆ ಹೋದದ್ದು ನೆನಪಿದೆಯೇ? ನಡುದಾರಿಯ ಬಂಡೆಯ ಮೇಲೆ ನಿನ್ನನ್ನು ಕೂರಿಸಿ, ಎಲ್ಲರೊಡನೆ ನಾನು ಮೇಲೇರಿದೆ.

ನಿನ್ನೆ ನನ್ನ ಮೊಣಕಾಲುಗಳು ತುದಿಗೆ ಅರ್ಧ ಮೈಲಿ ಇರುವಾಗಲೇ ಸೋತವು. ನೀವು ಹೋಗಿ ಬನ್ನಿರೆಂದೆ. ಡ್ರೀಮಾ ಅಲ್ಲಿಯೇ ಬುತ್ತಿಯ ಗಂಟು ಬಿಚ್ಚಿದಳು. "ತುದಿ ಎಲ್ಲಿಗೂ ಓಡಿಹೋಗಲ್ಲ ಮೇಡಂ. ನಮ್ಮಜ್ಜಿ ಮಾಡಿದ ಸೇಬಿನ ಪಾಕ ಮಾತ್ರ ಈ ಒಡೆಲ್ ಕೈಗೆ ಸಿಕ್ರೆ ಉಳಿಯಲ್ಲ, ಬೇಗ ತಿನ್ನಿ." ಹನ್ನೊಂದು ಮಂದಿಯಲ್ಲಿ ಒಬ್ಬರೂ ಮೇಲಕ್ಕೆ ಹೋಗಲಿಲ್ಲ. ಜೋಳದ ಬ್ರೆಡ್ಡಿಗೆ ಆ ಪಾಕ ಸವರಿಕೊಂಡು ತಿಂದು, ನನ್ನನ್ನೇ ಮುಂದಿಟ್ಟುಕೊಂಡು ಇಳಿದರು.

ನೀನು ಒಬ್ಬಳೇ ನಡೆಯಬಯಸಿದ್ದರ ಕಾರಣವನ್ನು ಇನ್ನು ಕೇಳಬೇಕಾಗಿಲ್ಲ. ಒಂದೇ ಬೇಡಿಕೆ: ನಿನ್ನ ಪಕ್ಕದಲ್ಲಿ ಬೇಡ, ಒಂದು ಹೆಜ್ಜೆ ಹಿಂದೆ ನಡೆಯಲು ಅಪ್ಪಣೆ ಕೊಡು. ನೀನು ನಿಂತಲ್ಲಿ ನಿಲ್ಲುವೆನು. ಬೇಡವೆಂದರೆ ಕೊನೆಯ ಬೆಂಚಿನಲ್ಲಿ ಕುಳಿತು ಹರಸುವೆನು.

ನಿನ್ನ ಹೆಜ್ಜೆಯನ್ನು ತಡವಾಗಿ ಕಲಿಯುತ್ತಿರುವ ತಾಯಿ,
ಹಲ್ಡಾ ಪೆನ್ನರ್

ತಾ.ಕ.: ಅಂದು ಗುಡ್ಡದಿಂದ ಇಳಿದು ಬಂದು, ಮೇಲೆ ನೋಡುವಂಥದ್ದೇನೂ ಇರಲಿಲ್ಲವೆಂದು ನಿನಗೆ ಹೇಳಿದೆ. ಇತ್ತು, ಮಿರಿಯಮ್. ಗೋಧಿಯ ಬಯಲೆಲ್ಲ ಹೊನ್ನಾಗಿ ಹೊಳೆಯುತ್ತಿತ್ತು, ನಡುವೆ ನಮ್ಮ ಮನೆಯ ಕೆಂಪು ಚಾವಣಿಯೂ ಕಾಣುತ್ತಿತ್ತು. ನಿನ್ನನ್ನು ಬಿಟ್ಟು ನೋಡಿದೆನೆಂಬ ನಾಚಿಕೆಯಿಂದ ಸುಳ್ಳಾಡಿದೆ.