ಬೆಂಚಿನ ಮೇಲೆ ಬಂದು ಕೂತವಳು

ನ್ಯೂಯಾರ್ಕ್, ಭಾನುವಾರ

ಚಿಕ್ಕಮ್ಮಾ,

ಚಿಕ್ಕಪ್ಪನ ಹಳೇ ಕ್ಯಾಮೆರಾ ಇನ್ನೂ ನನ್ನ ಕೊರಳಲ್ಲೇ ಇದೆ. ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವುದರಿಂದ, ಪಟ ತೆಗೆಯುತ್ತಿದ್ದೇನೆಂದು ಬೀದಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಇಲ್ಲಿನ ಪಾರ್ಕಿನಲ್ಲಿ ಎಲಾದಿಯೊ ಅಂತ ಒಬ್ಬ ಮುದುಕ, ನಮ್ಮ ದ್ವೀಪದವನೇ. ಬೆಂಚಿನ ನಟ್ಟನಡುವೆ ಕೂತು ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಅವನದೊಂದು ಪಟ ತೆಗೆದವಳು ರೀಲು ಮುಂದೆ ತಿರುಗಿಸುವುದನ್ನೇ ಮರೆತು, ಸಮುದ್ರ ದಾಟಿಸುವ ಫೆರಿ ದೋಣಿ ಹತ್ತಿದೆ. ಚಿಕ್ಕಪ್ಪ ಇದ್ದಿದ್ದರೆ ತಲೆಗೆ ಮೊಟಕುತ್ತಿದ್ದರು! ಅಲ್ಲಿ ಗಾಳಿಗೆ ಕಣ್ಣು ಮುಚ್ಚಿ ನಗುತ್ತಿದ್ದ ಯಾರೋ ಹೆಂಗಸಿನ ಪಟವೂ ಅದರ ಮೇಲೇ ಬಿತ್ತು. ತೊಳೆಸಿ ನೋಡಿದರೆ ಬೆಂಚಿನ ಕೆಳಗೆಲ್ಲ ಸಮುದ್ರ, ಮರದ ತುಂಬ ಕಡಲಹಕ್ಕಿಗಳು, ಮುದುಕನ ಭುಜಕ್ಕೆ ಒರಗಿ ಆ ಹೆಂಗಸು.

ಪಟದ ಒಂದು ಪ್ರತಿಯನ್ನು ಅವರವರಿಗೆ ಕೊಡುವುದು ನನ್ನ ರೂಢಿ. ಹೆದರುತ್ತಲೇ ಮುದುಕನಿಗೆ ಕೊಟ್ಟೆ. ಪಕ್ಕದಲ್ಲಿ ಡಾಮಿನೊ ಆಡುತ್ತಿದ್ದವರು ಇಣುಕಿ, "ಏನಯ್ಯಾ, ಮದುವೆಗೆ ನಮ್ಮನ್ನ ಕರೀಲೇ ಇಲ್ವಲ್ಲ!" ಅಂತ ಕಿಚಾಯಿಸಿದರು.

"ಯಾರೇ ಇವಳು?" ಅಂದ ಎಲಾದಿಯೊ.

"ಗೊತ್ತಿಲ್ಲ ತಾತ, ನನ್ನಿಂದ ತಪ್ಪಾಯ್ತು. ಬೇರೆ ತೆಗೆದುಕೊಡ್ತೀನಿ."

"ಸುಮ್ನಿರು. ಕೂತವಳನ್ನ ಯಾಕೆ ಎಬ್ಬಿಸ್ತೀಯ?" ಅಂತ ಪಟವನ್ನು ಜೇಬಿಗೆ ಇಳಿಸಿದ.

ನನ್ನ ಕೆಮ್ಮು ವಾಸಿಯಾಗಿದೆ. ರೀಲಿನ ಬೆಲೆ ಮಾತ್ರ ಕೇಳಬೇಡ. ನೀನು ಮಂಡಿಗೆ ಎಣ್ಣೆ ಹಚ್ಚುವುದು ಬಿಡಬೇಡ. ಈ ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯಿತು, ಇದೊಂದು ಹೇಳಿಬಿಡುತ್ತೇನೆ: ಇವತ್ತು ಬೆಳಿಗ್ಗೆ ಎಲಾದಿಯೊ ಬೆಂಚಿನ ಮೇಲೆ ಬಿದ್ದಿದ್ದ ಎಲೆಗಳನ್ನೆಲ್ಲ ಕೈಯಲ್ಲೇ ಗುಡಿಸಿ, ತಾನು ಒಂದು ತುದಿಗೆ ಸರಿದು ಕೂತ.

ನಿನ್ನ ಮಿಗ್ದಾಲಿಯಾ