ನಡಿಗೆ ಸಹಜ

ಜನವರಿ ೬, ಸೋಮವಾರ

ದೆಹಲಿಯ ತುಂಬ ದಟ್ಟ ಮಂಜು. ವಸಂತ್ ಕುಂಜ್‌ನಿಂದ ಆಫೀಸಿಗೆ ಒಂದೂಕಾಲು ಗಂಟೆ. ಆಟೋ ಭಯ್ಯಾ ದಾರಿಯುದ್ದಕ್ಕೂ ಟ್ರಾಫಿಕ್ಕಿಗೆ ಬೈದ, ನಾನೂ ಜೊತೆಗೂಡಿದೆ. ಆಫೀಸಿನ ಹೀಟರ್ ಇನ್ನೂ ಕೆಟ್ಟೇ ಇದೆ — ಮೂರನೇ ವಾರ. ಟ್ರಸ್ಟಿಗೆ ಹೊಸ ಲೋಗೋ ಬರುತ್ತದೆ, ಹೀಟರ್ ರಿಪೇರಿ ಆಗುವುದಿಲ್ಲ.

ಬೆಳಗಿನಿಂದ ಹನ್ನೊಂದು ಜನ. ಎಲ್ಲರೂ ಮಾಜಿ ಸೈನಿಕರು. ಎಲ್ಲರ ಕೈಯಲ್ಲೂ ಒಂದು ಪ್ಲಾಸ್ಟಿಕ್ ಕವರು, ಅದರಲ್ಲಿ ಪೆನ್ಷನ್ ಅರ್ಜಿ ತಿರಸ್ಕರಿಸಿದ ಪತ್ರ. ಇವರ ಕೇಸು ಫೀಸಿಲ್ಲದೆ ನಡೆಸುವುದು ನಮ್ಮ ಕೆಲಸ. ಏಳು ವರ್ಷದಿಂದ ನಾನು ಇಲ್ಲಿ ಡೈರೆಕ್ಟರ್.

ಕೊನೆಗೆ ಮರಿಯಪ್ಪ. ಹವಾಲ್ದಾರ್. ಶಿರಾ ಕಡೆಯವರು. ಈಗ ಘಾಜಿಯಾಬಾದಿನ ಒಂದು ಅಪಾರ್ಟ್‌ಮೆಂಟ್ ಗೇಟಿನಲ್ಲಿ ಗಾರ್ಡ್. ಬೆಟ್ಟದ ರಸ್ತೆಯಲ್ಲಿ ಸೇನೆಯ ಲಾರಿ ಉರುಳಿ ಬೆನ್ನುಮೂಳೆ ಜಖಂ ಆಯಿತು, ಹದಿನಾಲ್ಕು ವರ್ಷದ ಸರ್ವಿಸಿಗೆ ಮನೆಗೆ ಕಳಿಸಿದರು. ಅಂಗವಿಕಲತೆ ಇಪ್ಪತ್ತು ಪರ್ಸೆಂಟ್ ಎಂದು ಮೆಡಿಕಲ್ ಬೋರ್ಡ್ ಬರೆದಿದ್ದರೆ ಪೆನ್ಷನ್. ಬರೆದದ್ದು ಹದಿನೈದು. ಕೆಳಗೆ ಒಂದು ಸಾಲು — ನಡಿಗೆ ಸಹಜ.

ಸಹಜವಂತೆ! ಕೋಲಿಲ್ಲದೆ ನಾಲ್ಕು ಮೆಟ್ಟಿಲು ಹತ್ತಲಾರದ ಮನುಷ್ಯ. ಆದರೆ ನನ್ನ ರೂಮಿನ ಬಾಗಿಲಿಗೆ ಬಂದ ಕೂಡಲೇ ಕೋಲನ್ನು ಹೊರಗೆ ಗೋಡೆಗೆ ಆನಿಸಿ, ಉಸಿರು ಬಿಗಿಹಿಡಿದು, ನೆಟ್ಟಗೆ ನಡೆದು ಬರುತ್ತಾರೆ. ಬೋರ್ಡಿನ ಮುಂದೆಯೂ ಮಾಡಿದ್ದು ಇದನ್ನೇ.

“ಅವತ್ತು ಕೋಲು ಯಾಕೆ ಹೊರಗಿಟ್ರಿ?”

“ಒಳಗೆ ಆಫೀಸರ್ ಸಾಬ್ ಇದ್ರಲ್ಲ ಮೇಡಂ.”

“ನೋವಿದೆಯಾ ಅಂತ ಕೇಳಲಿಲ್ವಾ?”

“ಕೇಳಿದ್ರು. ಸಬ್ ಠೀಕ್ ಹೈ ಸಾಬ್ ಅಂದೆ.”

“ಎಲ್ಲ ಸರಿಯಿದೆ ಅಂತ ಯಾಕ್ರೀ ಅಂದ್ರಿ?”

“ಸಾಬ್ ಕೇಳಿದ್ರೆ ಮತ್ತೇನ್ ಅನ್ನೋದು?”

ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಕೇಸು ಗೆದ್ದರೆ ಏನು ಮಾಡುತ್ತೀರಿ ಎಂದು ಕೇಳಿದೆ. “ಕೂತ್ಕೋತೀನಿ ಮೇಡಂ” ಎಂದರು. ಗೇಟಿನಲ್ಲಿ ಹನ್ನೆರಡು ಗಂಟೆ ನಿಲ್ಲಬೇಕು. ಗಾರ್ಡ್ ಕೂತರೆ ಸೊಸೈಟಿಯವರಿಗೆ ಶೋಭೆಯಲ್ಲವಂತೆ, ಕುರ್ಚಿಯನ್ನೇ ಇಟ್ಟಿಲ್ಲ. ಶೋಭೆಗೆ ಬೆಂಕಿ ಬೀಳಲಿ.

ಜನವರಿ ೧೦, ಶುಕ್ರವಾರ

ಟ್ರಸ್ಟಿಗಳ ಮೀಟಿಂಗ್. ನಮ್ಮ ಟ್ರಸ್ಟಿನ ಅಧ್ಯಕ್ಷರು ಬ್ರಿಗೇಡಿಯರ್ ಇಂದುಶೇಖರ, ನಿವೃತ್ತರು, ಮೈಸೂರಿನವರು. ಇಪ್ಪತ್ತೆಂಟು ವರ್ಷ ವಕೀಲಿಕೆ ಮಾಡಿದ ನನ್ನನ್ನು ಇವತ್ತಿಗೂ ಗಂಡನ ಹೆಸರು ಹಿಡಿದು ‘ಮಿಸೆಸ್ ಮೂರ್ತಿ’ ಅನ್ನುತ್ತಾರೆ. ರತ್ನಪ್ರಭಾ ಅನ್ನಲು ನಾಲಿಗೆ ಸವೆಯುತ್ತದೆಯೋ ಏನೋ.

ಹದಿನಾಲ್ಕನೇ ತಾರೀಖು ಮಾಜಿ ಸೈನಿಕರ ದಿನ. ಫಂಕ್ಷನ್ನಿಗೆ ದೊಡ್ಡ ಡೋನರ್ ಬರುತ್ತಾರಂತೆ, ಒಂದು ವಿಡಿಯೋ ಬೇಕಂತೆ.

“ಅಳುಮುಖ ಯಾರಿಗೆ ಬೇಕು ಮಿಸೆಸ್ ಮೂರ್ತಿ? ಪ್ರೌಡ್ ಸೋಲ್ಜರ್ ತೋರಿಸಿ. ಮೆಡಲ್ ಹಾಕ್ಕೊಂಡು ನಡೆದು ಬಂದು ಸಲ್ಯೂಟ್ ಹೊಡೀಬೇಕು. ಆ ಮರಿಯಪ್ಪ ಇದ್ದಾನಲ್ಲ, ಎತ್ತರದ ಆಳು, ಒಳ್ಳೆ ಮೀಸೆ.”

ಬೆನ್ನು ಹೋದವರನ್ನು ನಡೆಸುವುದೇ ಎಂದೆ. ಹತ್ತು ಹೆಜ್ಜೆ ತಾನೇ ಎಂದರು. ಜಗಳ ಆಡಿದೆ, ಮುಕ್ಕಾಲು ಗಂಟೆ. ಆಮೇಲೆ ಸಂಬಳವಿಲ್ಲದೆ ಎರಡು ತಿಂಗಳಿನಿಂದ ದುಡಿಯುತ್ತಿರುವ ಸಿಂಚನಾಳ ಮುಖ ನೋಡಿದೆ — ನಮ್ಮಲ್ಲಿ ಉಳಿದಿರುವ ಒಬ್ಬಳೇ ಜೂನಿಯರ್ ವಕೀಲೆ. ಆಗಲಿ ಎಂದೆ.

ಜನವರಿ ೧೪, ಮಂಗಳವಾರ, ರಾತ್ರಿ ೮

ಫಂಕ್ಷನ್ ಮುಗಿಯಿತು. ಕಾಲು ಸೇದುತ್ತಿದೆ. ಸಂಕ್ರಾಂತಿ ಎಂದು ಮನೆಯಲ್ಲಿ ಎಳ್ಳುಬೆಲ್ಲ ಇತ್ತು, ನಿಂತೇ ತಿಂದೆ.

ಶೂಟಿಂಗ್ ಫಂಕ್ಷನ್ ಹಾಲಿನ ಹೊರಗಿನ ಲಾನ್‌ನಲ್ಲಿ, ಬೆಳಿಗ್ಗೆಯೇ. ನಾಲ್ಕು ಟೇಕ್ ಹಿಡಿಯಿತು. ಮೊದಲನೆಯದರಲ್ಲಿ ಕೋಲು ಕಾಣಿಸಿತು, ಎರಡನೆಯದರಲ್ಲಿ ಮರಿಯಪ್ಪ ಸ್ವಲ್ಪ ವಾಲಿದರು, ಮೂರರಲ್ಲಿ ಬಿಸಿಲು ಸರಿಯಿಲ್ಲ. ನಾಲ್ಕನೆಯದು ಚೆನ್ನಾಗಿ ಬಂತು. ಫಂಕ್ಷನ್ನಿನಲ್ಲಿ ಪರದೆಯ ಮೇಲೆ ಸಲ್ಯೂಟ್ ನೋಡಿ ಡೋನರ್ ಕಣ್ಣೊರೆಸಿಕೊಂಡರು. ಬ್ರಿಗೇಡಿಯರ್ ವೇದಿಕೆಯ ಮೇಲೆ ನನ್ನ ಕೆಲಸವನ್ನು ತಾವೇ ಮಾಡಿದಂತೆ ಭಾಷಣ ಹೊಡೆದರು.

ಜನವರಿ ೨೮, ಮಂಗಳವಾರ

ಹೊಸ ಹೀಟರ್ ಬಂತು. ಒಂದಲ್ಲ, ಎರಡು. ಸಿಂಚನಾಳಿಗೆ ಸಂಬಳವೂ ಬಂತು. ನಮ್ಮ ಪೇಜಿಗೆ ಹಾಕಿದ ವಿಡಿಯೋವನ್ನು ಮೂರು ಲಕ್ಷ ಜನ ನೋಡಿದ್ದಾರಂತೆ. ಆಫೀಸು ಬೆಚ್ಚಗಿದೆ. ಕೋಟು ತೆಗೆದಿಟ್ಟು ಕೆಲಸ ಮಾಡಿದೆ.

ಮಾರ್ಚ್ ೬, ಗುರುವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಸೇನಾ ಟ್ರಿಬ್ಯುನಲ್‌ನಲ್ಲಿ ಮರಿಯಪ್ಪನ ಕೇಸು. ಸಿಂಚನಾ ಚೆನ್ನಾಗಿಯೇ ವಾದಿಸುತ್ತಿದ್ದಳು. ಎಂಆರ್‌ಐ, ಡಾಕ್ಟರ ಪತ್ರ, ಎಲ್ಲ ಇಟ್ಟಳು. ಹೊಸ ಮೆಡಿಕಲ್ ಬೋರ್ಡ್ ಆಗಲಿ ಎಂಬುದಷ್ಟೇ ನಮ್ಮ ಬೇಡಿಕೆ. ಎದುರಿನ ಸರ್ಕಾರಿ ವಕೀಲರು ಎದ್ದರು. ಒಂದೇ ಒಂದು ವಿಡಿಯೋ ತೋರಿಸುತ್ತೇನೆ ಎಂದರು. ಲ್ಯಾಪ್‌ಟಾಪ್ ತಿರುಗಿಸಿದರು.

ನಮ್ಮದೇ ವಿಡಿಯೋ. ನಮ್ಮ ಪೇಜಿನಿಂದಲೇ ಇಳಿಸಿಕೊಂಡದ್ದು. ಮೂಲೆಯಲ್ಲಿ ನಮ್ಮ ಹೊಸ ಲೋಗೋ! ಮರಿಯಪ್ಪ ಮೆಡಲ್ ಹಾಕಿಕೊಂಡು ಹುಲಿಯ ಹಾಗೆ ನಡೆದು ಬರುತ್ತಾರೆ, ಹಿಮ್ಮಡಿ ಬಡಿಯುತ್ತಾರೆ, ಸಲ್ಯೂಟ್. “ಜನವರಿ ತಿಂಗಳದ್ದು. ನಡಿಗೆ ಸಹಜ ಅಂತ ನಾವಲ್ಲ, ಅವರ ಸಂಸ್ಥೆಯೇ ಹೇಳ್ತಿದೆ” ಎಂದರು ವಕೀಲರು.

ಕೋರ್ಟ್ ಹಾಲಿನಲ್ಲಿ ಯಾರೋ ನಕ್ಕರು.

ಬೇಲಿಯೇ ಎದ್ದು ಹೊಲ ಮೇಯಿತು. ಯಾವ ಬಾಯಿಂದ ಇನ್ನು ಅವರಿಗೆ ನ್ಯಾಯ ಕೊಡಿಸುತ್ತೇನೆ ಎನ್ನಲಿ? ಮರಿಯಪ್ಪ ಹೊರಗೆ ಬಂದು ನನಗೇ ಸಮಾಧಾನ ಹೇಳಿದರು — “ಬಿಡಿ ಮೇಡಂ, ಸಬ್ ಠೀಕ್ ಹೈ.” ಯಾವುದು ಠೀಕ್ ರೀ? ಯಾವುದು? ಕಾರಿಡಾರಿನಲ್ಲೇ ಕೂಗಿಬಿಟ್ಟೆ. ಪಾಪ, ಅವರು ಅಟೆನ್ಷನ್‌ಗೆ ನಿಂತರು.

ಮುಂದಿನ ತಾರೀಖು ಏಪ್ರಿಲ್ ೩.

ಮಾರ್ಚ್ ೭, ಶುಕ್ರವಾರ

ಬೆಳಿಗ್ಗೆ ಮರಿಯಪ್ಪನ ಹೆಂಡತಿ ಸುಶೀಲಾ ಆಫೀಸಿಗೆ ಬಂದರು. ಘಾಜಿಯಾಬಾದಿನಿಂದ ಎರಡು ಮೆಟ್ರೋ ಬದಲಾಯಿಸಿ. ಕೂರಿ ಎಂದರೆ ಕೂರಲಿಲ್ಲ. ಟೀ ಮುಟ್ಟಲಿಲ್ಲ.

“ವಿಡಿಯೋ ತೆಗೆದ ದಿನ ಎರಡು ನೋವಿನ ಮಾತ್ರೆ ನುಂಗಿ ಹೋಗಿದ್ರು. ಬಂದು ನಾಲ್ಕು ದಿನ ನೆಲದ ಮೇಲೆ ಮಲಗಿದ್ರು. ಬಾತ್‌ರೂಮಿಗೆ ನಾನೇ ಹಿಡ್ಕೊಂಡು ಹೋಗ್ತಿದ್ದೆ. ನಿಮಗೆ ಹೇಳ್ಬೇಡ ಅಂದ್ರು. ಮೇಡಂಗೆ ಬೇಜಾರಾಗ್ತದೆ ಅಂತ!”

“ಸುಶೀಲಾ, ನನಗೆ ಗೊತ್ತಿರಲಿಲ್ಲಮ್ಮ.”

“ಬೆನ್ನು ಮುರಿದದ್ದು ಗೊತ್ತಿತ್ತಲ್ಲ? ಫೈಲು ನಿಮ್ಮತ್ರಾನೇ ಇತ್ತಲ್ಲ?”

ಹೊರಟೇ ಹೋದರು. ಬಾಗಿಲು ಬಡಿದ ಸದ್ದಿಗೆ ಸಿಂಚನಾ ಎದ್ದು ನಿಂತಳು.

ಬ್ರಿಗೇಡಿಯರ್‌ಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ನಿಮ್ಮ ಶೋಕಿಗೆ ಒಬ್ಬ ಮನುಷ್ಯನ ಬಾಳು ಬಲಿ ಕೊಟ್ಟಿರಿ ಎಂದೆ. ವಿಡಿಯೋ ಇವತ್ತೇ ತೆಗೆಯಿರಿ ಎಂದೆ. ತಣ್ಣಗೆ ಅಂದರು — “ಒಂದು ಕೇಸು ಮಿಸೆಸ್ ಮೂರ್ತಿ. ಸೋಲು ಗೆಲುವು ಇದ್ದದ್ದೇ. ಅಷ್ಟಕ್ಕೂ ನಾನು ಒಳಗೆ ಗೆಸ್ಟ್‌ಗಳ ಜೊತೆ ಇದ್ದೆ. ಲಾನ್‌ನಲ್ಲಿ ನಿಂತು ಶೂಟಿಂಗ್ ಮಾಡಿಸಿದ್ದು ಯಾರು?”

ಸುಳ್ಳ. ಬಂದು ಹೋಗಿ ಮಾಡುತ್ತಿದ್ದ. ನನಗೆ ನೆನಪಿದೆ. ಇನ್ನು ಮೇಲೆ ಈ ಡೈರಿಯಲ್ಲಿ ಅವನಿಗೆ ಬಹುವಚನ ಇಲ್ಲ.

ಮಾರ್ಚ್ ೧೦, ಸೋಮವಾರ

ಸಿಂಚನಾ ಹೇಳಿದಳು, “ಮ್ಯಾಮ್, ಎಡಿಟ್ ಆಗದ ಫುಟೇಜ್ ಹಾರ್ಡ್ ಡಿಸ್ಕ್‌ನಲ್ಲಿ ಇರುತ್ತೆ. ಕೋಲು ಹಿಡಿದ ಟೇಕ್, ವಾಲಿದ ಟೇಕ್, ಎಲ್ಲ ಇರುತ್ತೆ. ಕೋರ್ಟಿಗೆ ಅದನ್ನ ಹಾಕಿದ್ರೆ?”

ಬಂಗಾರದಂಥ ಹುಡುಗಿ. ಸಿಗಲಿ. ಅದರಲ್ಲಿ ಬ್ರಿಗೇಡಿಯರನ ಧ್ವನಿಯೂ ಸಿಗಲಿ — ನಡೆಯೋ, ಕೋಲು ಬಿಸಾಕೋ ಎಂದು ಅರಚಿರುತ್ತಾನೆ. ಆಮೇಲೆ ನೋಡೋಣ ಅವನ ತಣ್ಣನೆ ಮಾತು.

ಮಾರ್ಚ್ ೧೧, ಮಂಗಳವಾರ, ಮಧ್ಯಾಹ್ನ ೩

ಸಿಕ್ಕಿತು. ಹನ್ನೊಂದು ನಿಮಿಷ.

ಒಂದನೇ ಟೇಕ್. ಮರಿಯಪ್ಪ ಕೋಲೂರಿಕೊಂಡು ಬರುತ್ತಾರೆ. ಕ್ಯಾಮೆರಾದ ಹಿಂದಿನಿಂದ ಒಂದು ಹೆಂಗಸಿನ ಧ್ವನಿ — “ಕೋಲು ಬೇಡ ಮರಿಯಪ್ಪನವರೇ, ಪಕ್ಕಕ್ಕಿಡಿ.”

ಎರಡನೇ ಟೇಕ್. ಆರನೇ ಹೆಜ್ಜೆಗೆ ವಾಲುತ್ತಾರೆ. ಮುಖ ಕಿವುಚುತ್ತದೆ. ಅದೇ ಧ್ವನಿ — “ಇನ್ನೊಂದ್ ಸಲ. ಸ್ವಲ್ಪ ನೆಟ್ಟಗೆ.”

ಮೂರು. “ಬಿಸಿಲು ಸರಿಯಿಲ್ವಂತೆ. ಇನ್ನೊಂದ್ ಸಲ, ಪ್ಲೀಸ್. ನಿಮಗೇನೂ ತೊಂದರೆ ಇಲ್ಲ ತಾನೇ?”

“ಸಬ್ ಠೀಕ್ ಹೈ ಮೇಡಂ.”

ನಾಲ್ಕನೆಯದು ಮುಗಿದ ಮೇಲೂ ಕ್ಯಾಮೆರಾ ಓಡುತ್ತಿದೆ. ಮರಿಯಪ್ಪ ಸಲ್ಯೂಟ್ ಇಳಿಸಿ, ಕುರ್ಚಿಯ ಬೆನ್ನು ಹಿಡಿದು ನಿಲ್ಲುತ್ತಾರೆ. ಬಗ್ಗುತ್ತಾರೆ. ಆ ಹೆಂಗಸು ಅವರನ್ನು ದಾಟಿಕೊಂಡು ಹೋಗಿ ಕ್ಯಾಮೆರಾದವನಿಗೆ “ಸೂಪರ್ ಬಂತಲ್ಲಾ?” ಅನ್ನುತ್ತಾಳೆ. ಹಸಿರು ರೇಷ್ಮೆ ಸೀರೆ.

ಹನ್ನೊಂದು ನಿಮಿಷದಲ್ಲಿ ಬ್ರಿಗೇಡಿಯರ್ ಎಲ್ಲೂ ಇಲ್ಲ.

ಮಾರ್ಚ್ ೧೨

ಮೂರು ಸಲ ನೋಡಿದೆ. ಸೀರೆ ನನ್ನದೇ.

ಮಾರ್ಚ್ ೧೮, ಮಂಗಳವಾರ

ಐದು ದಿನ ಸುಳ್ಳು ಹುಡುಕಿದೆ. ಧ್ವನಿ ಮ್ಯೂಟ್ ಮಾಡಿ ಕೊಡಬಹುದು. ಎರಡನೇ ಟೇಕ್ ಮಾತ್ರ ಕತ್ತರಿಸಿ ಕೊಡಬಹುದು. ನಮ್ಮ ಕಕ್ಷಿದಾರನಿಗೂ ಒಳ್ಳೆಯದು, ನನಗೂ ಒಳ್ಳೆಯದು. ಎಷ್ಟು ಚೆನ್ನಾಗಿ ದಾರಿ ಕಾಣುತ್ತದೆ ಈ ವಕೀಲ ಬುದ್ಧಿಗೆ! ಥೂ.

ಕೊನೆಗೆ ಅಫಿಡವಿಟ್ ಬರೆದೆ. ಪೂರ್ತಿ ಫುಟೇಜ್ ಜೊತೆಗೆ. ಆತನ ಬೆನ್ನಿನ ಸ್ಥಿತಿ ಗೊತ್ತಿದ್ದೂ ಕೋಲು ಬಿಡಿಸಿ ನಾಲ್ಕು ಸಲ ನಡೆಸಿದ್ದು ಡೈರೆಕ್ಟರ್ ಆದ ನಾನೇ ಎಂದು.

ಬ್ರಿಗೇಡಿಯರ್ ಬಂದ. ಓದಿದ. ಕನ್ನಡಕ ತೆಗೆದ.

“ಸಂಸ್ಥೆಯ ಮಾನ ಬೀದಿಗೆ ತರ್ತೀರಾ? ಡೋನರ್ ಏನಂತಾರೆ? ಉಳಿದ ಇನ್ನೂರು ಕೇಸುಗಳ ಗತಿ?”

“ಸಿಂಚನಾ ಇದ್ದಾಳೆ. ಇದಕ್ಕೆ ಕಾರಣ ನಾನೊಬ್ಬಳೇ ಅಂತ ಬರೆದಿದ್ದೀನಲ್ಲ ಸರ್.”

“ಇದನ್ನ ಹಾಕಿದ್ರೆ ನೀವು ಈ ಕುರ್ಚೀಲಿ ಇರಲ್ಲ.”

“ಕುರ್ಚಿ ಬೇಕಾಗಿರೋದು ಮರಿಯಪ್ಪನವರಿಗೆ.”

ಜಾಣತನದ ಮಾತು. ಆಡಿದ ಮೇಲೆ ನನಗೇ ಅಸಹ್ಯವಾಯಿತು. ಅವನನ್ನು ಬೈಯಲು ಈಗಲೂ ಇಷ್ಟ. ವಿಡಿಯೋ ಬೇಕೆಂದವನು ಅವನೇ. ಆದರೆ ‘ಇನ್ನೊಂದ್ ಸಲ’ ಎಂದದ್ದು ಅವನಲ್ಲ. ಮಾಡಿದ್ದುಣ್ಣೋ ಮಹಾರಾಯ.

ಮೂರ್ತಿ ಬಿಪಿ ಮಾತ್ರೆ, ನೀರು ತಂದಿಟ್ಟರು.

ಏಪ್ರಿಲ್ ೩, ಗುರುವಾರ

ಅಫಿಡವಿಟ್ ಕೊಟ್ಟವಳು ಸಾಕ್ಷಿಯಾದ್ದರಿಂದ ವಕೀಲರ ಸಾಲಿನಲ್ಲಿ ಕೂರುವಂತಿಲ್ಲ. ಹಿಂದಿನ ಬೆಂಚಿನಲ್ಲಿ ಕೂತೆ. ಪೀಠದಲ್ಲಿ ಇಬ್ಬರು, ಅದರಲ್ಲೊಬ್ಬರು ನಿವೃತ್ತ ಜನರಲ್.

ಕೇಸು ಕೂಗಿದರು. ಬಾಗಿಲು ತೆರೆಯಿತು. ಮರಿಯಪ್ಪ ಕೋಲನ್ನು ಹೊರಗೆ ಗೋಡೆಗೆ ಆನಿಸುವುದು ಕಂಡಿತು. ನೆಟ್ಟಗೆ ಒಳಗೆ ಬಂದರು. ಅಯ್ಯೋ ದೇವರೇ. ಇಷ್ಟೆಲ್ಲ ಮಾಡಿ, ಮತ್ತೆ ಅದೇ!

ಎದ್ದೆ. ಹೊರಗೆ ಹೋಗಿ ಕೋಲು ತಂದೆ. ಎಲ್ಲರ ಮುಂದೆ ಅವರ ಕೈಗೆ ಹಿಡಿಸಿದೆ. ಅವರು ಪೀಠದ ಕಡೆ ನೋಡಿದರು, ತಪ್ಪು ಮಾಡಿದವರ ಹಾಗೆ.

“ನೀವು ಯಾರು?” ಎಂದರು ಜನರಲ್.

ಹೇಳಿದೆ. ಫುಟೇಜ್ ಹಾಕಿದರು. ಹನ್ನೊಂದು ನಿಮಿಷವೂ ಪೂರ್ತಿ. ಯಾರೂ ನಗಲಿಲ್ಲ. ಈ ಧ್ವನಿ ಯಾರದು ಎಂದು ಎದುರು ವಕೀಲರು ಕೇಳಿದರು. ನಂದು ಎಂದೆ. ಕೇಳಿಸಲಿಲ್ಲವೇನೋ, ಮತ್ತೆ ಕೇಳಿದರು. ನಂದೇ ಸ್ವಾಮಿ, ನಂದೇ ಎಂದೆ, ಕನ್ನಡದಲ್ಲಿ.

ಹೊಸ ಮೆಡಿಕಲ್ ಬೋರ್ಡ್ ಆಗಲಿ ಎಂದು ಆದೇಶವಾಯಿತು. ಏಪ್ರಿಲ್ ೧೭. ಮೂವರು ಡಾಕ್ಟರು, ಮೂವರೂ ಆಫೀಸರು. ವಕೀಲರಿಗೆ ಒಳಗೆ ಪ್ರವೇಶವಿಲ್ಲ. ಕೋಲು ತಂದು ಕೊಡಲು ನಾನಿರುವುದಿಲ್ಲ.

ಏಪ್ರಿಲ್ ೯, ಬುಧವಾರ

ಪ್ರಾಕ್ಟೀಸ್. ನಾನು ಆಫೀಸರ್ ಆಗಿ ಕೂತೆ, ಮರಿಯಪ್ಪ ಒಳಗೆ ಬಂದರು, ಕೋಲು ಹಿಡಿದು.

“ಹೇಗಿದೆ ಬೆನ್ನು?”

“ಸಬ್ ಠೀಕ್ ಹೈ ಸಾಬ್.”

ಮತ್ತೆ. ಅದೇ. ಒಂಬತ್ತು ಸಲ ಅದೇ. ಸಿಟ್ಟು ನೆತ್ತಿಗೇರಿತು. ‘ಇನ್ನೊಂದ್ ಸಲ’ ಎಂದು ಬಾಯಿ ತೆರೆದವಳು ಅರ್ಧಕ್ಕೇ ನಿಲ್ಲಿಸಿದೆ. ಮನೆಗೆ ಹೋಗಿ ಎಂದೆ.

ಏಪ್ರಿಲ್ ೧೬, ಬುಧವಾರ, ಸಂಜೆ ೬

ನಿನ್ನೆಯಿಂದ ನಾನು ಡೈರೆಕ್ಟರ್ ಅಲ್ಲ. ರಾಜೀನಾಮೆಯನ್ನು ಬ್ರಿಗೇಡಿಯರ್ ‘ವಿಷಾದದಿಂದ’ ಸ್ವೀಕರಿಸಿದ್ದಾನಂತೆ. ಮನೆಯ ಬಾಲ್ಕನಿ. ಟೀ ಆರಿದೆ. ನಾಳೆ ಹತ್ತು ಗಂಟೆಗೆ ಮೆಡಿಕಲ್ ಬೋರ್ಡ್. ಮರಿಯಪ್ಪನವರಿಗೆ ಮಾಡಲೆಂದು ಬೆಳಗಿನಿಂದ ಹತ್ತು ಸಲ ಫೋನ್ ಎತ್ತಿ ಕೆಳಗಿಟ್ಟೆ. ಯಾವ ಮುಖ ಇಟ್ಟುಕೊಂಡು ಮಾಡಲಿ?

ಫೋನ್. ಅವರೇ.

“ಮೇಡಂ, ಒಂದ್ಸಲ ಹೇಳಿ ನೋಡ್ಲಾ?”

“ಹೇಳಿ.”

ಹಿಂದಿನಿಂದ ಸುಶೀಲಾ, “ಹೇಳ್ರೀ, ನಾ ಇದೀನಿ.”

“ನೋಯ್ತದೆ ಸಾಬ್. ತುಂಬಾ ನೋಯ್ತದೆ.”

ಎಲ್ಲಿ ಎಂದು ಕೇಳಿದೆ. ಹೇಳುತ್ತಿದ್ದಾರೆ. ನಿಲ್ಲಿಸುತ್ತಿಲ್ಲ. ನಾಳೆ ಚೀಟಿ ಮಾಡಿ ಅವರ ಜೇಬಿಗಿಡಲು ಇಲ್ಲೇ ಬರೆದುಕೊಳ್ಳುತ್ತಿದ್ದೇನೆ —

ಸೊಂಟದ ಎಡಗಡೆ, ಮೂಳೆಯ ಪಕ್ಕ. ಬೆಳಿಗ್ಗೆ ಏಳುವಾಗ. ಶೂ ಹಾಕುವಾಗ. ಕೆಮ್ಮಿದರೆ. ಅಲ್ಲಿಂದ ತೊಡೆಯ ಹಿಂದೆ ಇಳಿದು ಮೊಣಕಾಲಿನವರೆಗೆ. ಗೇಟಿನಲ್ಲಿ ನಿಂತಿರುವಷ್ಟು ಹೊತ್ತೂ.